ಶೀಶೆಯೊಳಗೆ ಸಾಯಬೇಕಾದ ವೈರಸ್

ಕೊಡಗಿನ ತಿತಿಮತಿ ದೊಡ್ಡ ಊರೇನೂ ಅಲ್ಲ. ಹುಣಸೂರು ದಾಟಿದ ಬಸ್ಸು ಆನೆಚೌಕೂರು ಗೇಟಿನಲ್ಲಿ ಕಾಡು ಹೊಕ್ಕು, ಮತ್ತಿಗೋಡು ಆನೆ ಶಿಬಿರವನ್ನು ಹಾದು, ಮತ್ತೆ ಜನವಸತಿ ಕಾಣುವುದು ಇಲ್ಲಿ. ಮುಂದೆ ಗೋಣಿಕೊಪ್ಪಲು, ಪೊನ್ನಂಪೇಟೆ, ಕೊನೆಗೆ ಕುಟ್ಟ, ಕುಟ್ಟದಾಚೆ ವಯನಾಡು. ಒಂದು ಮಗ್ಗುಲಲ್ಲಿ ನಾಗರಹೊಳೆಯ ಕಾಡು, ಇನ್ನೊಂದರಲ್ಲಿ ಕಾಫಿ ತೋಟ, ನಡುವೆ ಜೇನುಕುರುಬರ, ಯರವರ ಹಾಡಿಗಳು, ತೋಟದ ಲೈನ್‌ಮನೆಗಳು. ಕಾಡಿನ ಜ್ವರವೊಂದು ಮನುಷ್ಯರ ಬಳಿಗೆ ಬರುವುದಾದರೆ ಇಂಥ ಅಂಚಿನಿಂದಲೇ ಬರಬೇಕು. ಬಂತೋ ಇಲ್ಲವೋ ಎಂದು ಹೇಳಬಲ್ಲ ಪ್ರಯೋಗಾಲಯ ಮಾತ್ರ ಇಂಥ ಅಂಚಿಗೆ ಎಂದೂ ಬರಲಿಲ್ಲ. ರಕ್ತದ ಶೀಶೆ, ಗಂಟಲುದ್ರವದ ಕಡ್ಡಿ ಇಲ್ಲಿಂದ ಐಸ್ ಪೆಟ್ಟಿಗೆಯಲ್ಲಿ ಹೊರಡುತ್ತವೆ. ಉತ್ತರ ಆಮೇಲೆ ಯಾವಾಗಲೋ ಬರುತ್ತದೆ. ರೋಗಗಳ ಚರಿತ್ರೆ ಬರೆದವರು ಸಾವುಗಳನ್ನು ಎಣಿಸಿದ್ದಾರೆ, ಲಸಿಕೆಗಳನ್ನು ಕೊಂಡಾಡಿದ್ದಾರೆ, ಸರ್ಕಾರಗಳನ್ನು ಬೈದಿದ್ದಾರೆ. ಆ ಶೀಶೆಯೊಳಗಿನ ಜೀವಂತ ವೈರಸ್ಸನ್ನು ಪರೀಕ್ಷೆಗೆ ಮುನ್ನ ಕೊಲ್ಲುವ ವಿದ್ಯೆಯ ಕಥೆ ಅವರ ಗಮನಕ್ಕೆ ಬಿದ್ದದ್ದು ಕಡಿಮೆ. ಪ್ರಯೋಗಾಲಯ ರೋಗಿಯಿಂದ ಎಷ್ಟು ದೂರ ಇರಬೇಕು ಎಂಬುದನ್ನು ಏಳು ದಶಕಗಳಿಂದ ತೀರ್ಮಾನಿಸುತ್ತ ಬಂದಿರುವುದು, ಬಹುಮಟ್ಟಿಗೆ, ಆ ವಿದ್ಯೆಯೇ.

ನಮ್ಮ ನಾಡಿನಲ್ಲಿ ಈ ಕಥೆ 1957ರ ಬೇಸಿಗೆಯಲ್ಲಿ ಮೊದಲಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಮನುಷ್ಯರು ಜ್ವರ ಹಿಡಿದು ಮಲಗಿದರು. ಮಂಗನ ಕಾಯಿಲೆ ಎಂದು ಹೆಸರಾದದ್ದು ಇದೇ. ಆಗ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಐದು ವರ್ಷವಷ್ಟೇ ತುಂಬಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ (ಐಸಿಎಂಆರ್) ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಕಟ್ಟಿದ್ದ ಸಂಸ್ಥೆ ಅದು. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಸಂಗಡಿಗರು ಬಂದರು. ಮಂಗದಿಂದಲೂ ಮನುಷ್ಯರಿಂದಲೂ ವೈರಸ್ಸನ್ನು ಬೇರ್ಪಡಿಸಿದರು. ಉಣ್ಣೆಯೇ ಅದರ ವಾಹಕವೆಂದು ತೋರಿಸಿದರು. ಸಾಗರದಲ್ಲಿ ಕ್ಷೇತ್ರ ಠಾಣೆ ಎದ್ದಿತು, ಪಿ.ಕೆ. ರಾಜಗೋಪಾಲನ್ ಅವರಂಥವರು ವರ್ಷಗಟ್ಟಲೆ ಕಾಡು ಸುತ್ತಿದರು. ರಷ್ಯಾದ ವಸಂತ-ಗ್ರೀಷ್ಮ ಮಿದುಳುಜ್ವರದ ವೈರಸ್ಸಿಗೆ ಬಳಗದ ನಂಟಿರುವ ಜೀವಿಯೊಂದು ಮಲೆನಾಡಿನ ಮಂಗನಲ್ಲಿ ಸಿಕ್ಕಿತೆಂಬ ಸುದ್ದಿ ಅಂದಿನ ವಿಜ್ಞಾನಲೋಕಕ್ಕೆ ಬೆರಗಿನದಾಗಿತ್ತು. ಆ ಸಾಧನೆಯನ್ನು ನಾವು ಸರಿಯಾಗಿಯೇ ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಅಂದಿನ ಪರೀಕ್ಷೆ ನಡೆಯುತ್ತಿದ್ದ ಬಗೆಯನ್ನೂ ನೆನೆಯಬೇಕು. ರೋಗಿಯ ರಕ್ತವನ್ನು ಎಳೆಯ ಇಲಿಮರಿಯ ಮಿದುಳಿಗೆ ಚುಚ್ಚುವುದು, ಮರಿ ಕಾಯಿಲೆ ಬೀಳುವ ತನಕ ಕಾಯುವುದು, ಸತ್ತ ಮರಿಯ ಮಿದುಳನ್ನು ಅರೆದು ಮತ್ತೆ ಚುಚ್ಚುವುದು. ರೋಗ ಪತ್ತೆಯಾಗಬೇಕಿದ್ದರೆ ವೈರಸ್ ಬದುಕಿರಲೇಬೇಕಿತ್ತು, ಬೆಳೆಯಲೇಬೇಕಿತ್ತು. ಕಾಡಿನಿಂದ ಹೊರಟ ಮಾದರಿ ಪುಣೆ ಮುಟ್ಟುವವರೆಗೆ ಹೆಪ್ಪುಗಟ್ಟಿಸಿ ಕಾಪಾಡುತ್ತಿದ್ದದ್ದು, ಒಂದರ್ಥದಲ್ಲಿ, ರೋಗವನ್ನೇ.

ಅದರ ಬೆಲೆಯನ್ನು ತೆತ್ತವರು ಮೇಜಿನ ಮುಂದೆ ಕುಳಿತವರು. ಪ್ರಯೋಗಾಲಯದಲ್ಲೇ ಅಂಟಿದ ಸೋಂಕುಗಳ ಜಾಗತಿಕ ಪಟ್ಟಿಗಳಲ್ಲಿ ಕ್ಯಾಸನೂರು ವೈರಸ್ಸಿನದು ಕುಖ್ಯಾತ ಹೆಸರು. ಅಂಥ ಪ್ರಕರಣಗಳು ನೂರನ್ನು ಮೀರಿ ದಾಖಲಾಗಿವೆ. ಉಣ್ಣೆ ಕಚ್ಚಿದ್ದಿಲ್ಲ, ಮಂಗ ಮುಟ್ಟಿದ್ದಿಲ್ಲ; ಅರೆಯುವಾಗ ಎದ್ದ ಕಾಣದ ತುಂತುರು, ಒಡೆದ ಗಾಜು, ಜಾರಿದ ಸೂಜಿ ಸಾಕಾಗಿತ್ತು. ತಂತ್ರಜ್ಞರು, ಪ್ರಾಣಿಗೃಹದ ಸಹಾಯಕರು, ಗಾಜಿನ ಪಾತ್ರೆ ತೊಳೆಯುವವರು ವಾರಗಟ್ಟಲೆ ಜ್ವರದಲ್ಲಿ ಬೆಂದರು. ಕೊನೆಗೆ ಆ ಭಯದಿಂದಲೇ ಪುಣೆಯಲ್ಲಿ ಈ ವೈರಸ್ಸಿನ ಮೇಲಿನ ಕೆಲಸ ಸೊರಗಿತು. ನಮ್ಮ ಕಾಡಿನ ಕಾಯಿಲೆಯ ಸಂಶೋಧನೆ ಹಲವು ದಶಕ ಮಂಕಾದದ್ದಕ್ಕೆ ಹಣದ ಕೊರತೆಯನ್ನೂ ಆಸಕ್ತಿಯ ಕೊರತೆಯನ್ನೂ ದೂರುವುದು ವಾಡಿಕೆ. ಮುಟ್ಟಿದವರನ್ನೇ ಮಲಗಿಸುವ ವಸ್ತುವನ್ನು ಮುಟ್ಟದೆ ಪರೀಕ್ಷಿಸುವ ದಾರಿ ಅಂದು ಇರಲಿಲ್ಲ ಎಂಬ ಸಾದಾ ಕಾರಣಕ್ಕೆ ನಾವು ಕೊಟ್ಟ ತೂಕ ಸಾಲದು.

ಕೊಲ್ಲುವ ವಿದ್ಯೆ ಅಂದು ಗೊತ್ತೇ ಇರಲಿಲ್ಲವೆಂದಲ್ಲ. ಫಾರ್ಮಾಲಿನ್ ಇತ್ತು. ಬೀಟಾ ಪ್ರೊಪಿಯೊಲ್ಯಾಕ್ಟೋನ್ ಎಂಬ ರಾಸಾಯನಿಕವಿತ್ತು. ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆಗೆ ಬೇಕಾದ ವೈರಸ್ ಸರಕನ್ನು ಅದರಿಂದ ಸಾಯಿಸಿ ಬಳಸುವ ರೂಢಿ ಬೆಳೆಯುತ್ತಿತ್ತು. ಆದರೆ ಹಾಗೆ ಕೊಂದದ್ದು ಪರೀಕ್ಷೆಯ ಸಲಕರಣೆಯನ್ನು. ರೋಗಿಯಿಂದ ಬಂದ ಮಾದರಿಯನ್ನಲ್ಲ. ಕೊಂದೆವೆಂದು ನಂಬುವುದಕ್ಕೂ ನಿಜವಾಗಿ ಕೊಂದಿರುವುದಕ್ಕೂ ಇರುವ ಅಂತರ ಜಗತ್ತಿಗೆ ಆಗಷ್ಟೇ ತಿಳಿದಿತ್ತು. 1955ರಲ್ಲಿ, ಕ್ಯಾಸನೂರಿನ ಮಂಗಗಳು ಬೀಳುವುದಕ್ಕೆ ಎರಡೇ ವರ್ಷ ಮೊದಲು, ಅಮೆರಿಕದ ಕಟರ್ ಕಂಪನಿಯ ಪೋಲಿಯೊ ಲಸಿಕೆಯ ಕೆಲವು ಕಂತುಗಳಲ್ಲಿ ಫಾರ್ಮಾಲಿನ್‌ಗೆ ತಪ್ಪಿಸಿಕೊಂಡ ವೈರಸ್ ಉಳಿದು ಮಕ್ಕಳು ಪಾರ್ಶ್ವವಾಯುವಿಗೆ ತುತ್ತಾಗಿದ್ದರು. ವೈರಸ್ ಕಣಗಳು ಮುದ್ದೆಗಟ್ಟಿದ್ದರೆ ಒಳಗಿನದನ್ನು ರಾಸಾಯನಿಕ ತಲುಪುವುದಿಲ್ಲ ಎಂಬ ಪಾಠ ಅಷ್ಟು ದುಬಾರಿಯಾಗಿ ಬಂತು. ಮಲೆನಾಡಿಗೆ ಮೊದಲು ತಂದು ನೋಡಿದ್ದೂ ಫಾರ್ಮಾಲಿನ್‌ನಿಂದ ಕೊಂದ ರಷ್ಯಾ ಮಿದುಳುಜ್ವರದ ಲಸಿಕೆಯನ್ನೇ. ಅದು ಅಪಾಯ ಮಾಡಲಿಲ್ಲ, ರಕ್ಷಣೆಯನ್ನೂ ಕೊಡಲಿಲ್ಲ.

ಕಾಯಿಲೆ ಅಷ್ಟರಲ್ಲಿ ತನ್ನ ದಾರಿ ಹಿಡಿದಿತ್ತು. 1983ರಲ್ಲಿ ಬೆಳ್ತಂಗಡಿ ಸೀಮೆಯಲ್ಲಿ ಎದ್ದ ಅಲೆಯನ್ನು ದಕ್ಷಿಣ ಕನ್ನಡದ ಹಿರಿಯರು ಮರೆತಿರಲಾರರು. ಗೇರು ನೆಡಲು ಕಾಡು ಕಡಿದ ಜಾಗದ ಸುತ್ತ 1,555 ಮಂದಿ ಕಾಯಿಲೆ ಬಿದ್ದರು, 150 ಮಂದಿ ತೀರಿಕೊಂಡರು. ಅಂಥ ಹೊಡೆತದ ನಂತರ, 1990ರಿಂದ, ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಾಲಿನ್‌ನಿಂದ ಕೊಂದ ಲಸಿಕೆ ಜನರ ತೋಳಿಗೆ ಬಂತು. ಮೊದಲ ವರ್ಷಗಳ ಅಧ್ಯಯನ ಎರಡು ಡೋಸಿಗೆ ಶೇ 93.5 ರಕ್ಷಣೆಯ ಭರವಸೆ ಕೊಟ್ಟಿತು. 2005ರಿಂದ 2010ರ ಅವಧಿಯನ್ನು ಮತ್ತೆ ಅಳೆದಾಗ ಅದೇ ಎರಡು ಡೋಸಿನ ರಕ್ಷಣೆ ಶೇ 62.4ಕ್ಕೆ ಇಳಿದಿತ್ತು. ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಆ ಲಸಿಕೆಯ ಸತ್ವದ ಬಗ್ಗೆ ಪ್ರಶ್ನೆಗಳು ಎದ್ದು, ಕೊನೆಗೆ 2022ರಲ್ಲಿ ರಾಜ್ಯ ಅದನ್ನು ನಿಲ್ಲಿಸಿತು. ವೈರಸ್ಸನ್ನು ಕೊಲ್ಲುವುದು ಒಂದು ಕೆಲಸ, ಕೊಂದ ಮೇಲೂ ಅದರ ರೂಪ ಕೆಡದಂತೆ ಉಳಿಸುವುದು ಬೇರೆಯೇ ಕೆಲಸ. ಲಸಿಕೆಯಲ್ಲಿ ನಾವು ಎಡವಿದ್ದು ಬಹುಶಃ ಎರಡನೆಯದರಲ್ಲಿ. ಪರೀಕ್ಷೆಯ ಮೇಜಿನ ಮೇಲೂ ಇದೇ ಇಕ್ಕಟ್ಟು ಕಾಯುತ್ತಿತ್ತು.

ಆ ಇಕ್ಕಟ್ಟಿಗೆ ಒಂದು ಪರಿಹಾರ, ಯಾರೂ ಡಂಗುರ ಸಾರದೆ, 1990ರಲ್ಲಿ ಬಂತು. ಆಮ್‌ಸ್ಟರ್‌ಡ್ಯಾಮಿನ ರೆನೆ ಬೂಮ್ ಮತ್ತು ಸಂಗಡಿಗರು ಗ್ವಾನಿಡಿನ್ ಥಯೋಸಯನೇಟ್ ಎಂಬ ಲವಣದ ಗಟ್ಟಿ ದ್ರಾವಣದಲ್ಲಿ ರಕ್ತವನ್ನೋ ಮೂತ್ರವನ್ನೋ ಬೆರೆಸಿ, ಅದರೊಳಗಿನ ಆನುವಂಶಿಕ ದ್ರವ್ಯವನ್ನು ಸಿಲಿಕಾ ಕಣಗಳಿಗೆ ಅಂಟಿಸಿ ತೆಗೆಯುವ ಸರಳ ವಿಧಾನವನ್ನು ಪ್ರಕಟಿಸಿದರು. ಈ ಲವಣ ಪ್ರೋಟೀನುಗಳ ಮಡಿಕೆಯನ್ನೆಲ್ಲ ಬಿಡಿಸಿಹಾಕುತ್ತದೆ; ಜೊತೆಗಿರುವ ಡಿಟರ್ಜೆಂಟ್ ವೈರಸ್ಸಿನ ಕೊಬ್ಬಿನ ಹೊದಿಕೆಯನ್ನು ಕರಗಿಸುತ್ತದೆ. ಕ್ಯಾಸನೂರು, ನಿಫಾ, ಕೊರೊನಾ ಎಲ್ಲವೂ ಅಂಥ ಹೊದಿಕೆ ಹೊದ್ದವೇ. ಹೊದಿಕೆ ಹೋದ ವೈರಸ್ ಯಾವ ಜೀವಕೋಶವನ್ನೂ ಹೊಗಲಾರದು. ಇಷ್ಟೇ ಆಗಿದ್ದರೆ ಸಾಬೂನೂ ಸಾಕಿತ್ತು. ಈ ದ್ರಾವಣದ ಹೆಚ್ಚುಗಾರಿಕೆ ಇರುವುದು ಬೇರೆ ಕಡೆ: ಈ ವೈರಸ್ಸುಗಳ ಆನುವಂಶಿಕ ದ್ರವ್ಯವಾದ ಆರ್‌ಎನ್‌ಎಯನ್ನು ತಿಂದುಹಾಕುವ ಕಿಣ್ವಗಳನ್ನೂ ಅದು ಅದೇ ಏಟಿಗೆ ಕೆಡಿಸುತ್ತದೆ, ಆದ್ದರಿಂದ ವೈರಸ್ ಸತ್ತ ಮೇಲೂ ಅದರ ಆರ್‌ಎನ್‌ಎ ಓದಲು ಉಳಿಯುತ್ತದೆ. ಕಳ್ಳನನ್ನು ಮುಗಿಸಿ ಅವನ ಹೆಬ್ಬೆಟ್ಟಿನ ಗುರುತನ್ನು ಮಾತ್ರ ಉಳಿಸಿಕೊಂಡಂತೆ. ಫಾರ್ಮಾಲಿನ್‌ಗೆ ಇದು ಸಾಧ್ಯವಿಲ್ಲ, ಅದು ಆರ್‌ಎನ್‌ಎಯನ್ನೂ ಹೆಣೆದು ಹಾಳುಮಾಡುತ್ತದೆ. ಬಿಸಿಯದು ಇನ್ನೊಂದು ತೊಡಕು. ರಕ್ತಸಾರವನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುವುದು ಪ್ರಯೋಗಾಲಯಗಳ ಹಳೆಯ ರೂಢಿ. ಸೋಂಕಿನ ಬಲ ಅದರಿಂದ ಕುಗ್ಗುತ್ತದೆ, ಆದರೆ ಹುಡುಕಬೇಕಾದ ಪ್ರತಿಕಾಯಕ್ಕೂ ಒಮ್ಮೊಮ್ಮೆ ಪೆಟ್ಟು ಬೀಳುತ್ತದೆ. ಆನುವಂಶಿಕ ದ್ರವ್ಯವನ್ನು ನಕಲು ಮಾಡಿ ಹೆಚ್ಚಿಸಿ ಗುರುತಿಸುವ ಪಿಸಿಆರ್ ಯಂತ್ರ ಜಗತ್ತಿನ ಪ್ರಯೋಗಾಲಯಗಳನ್ನು ಹೊಕ್ಕಂತೆ, ಆ ಬಣ್ಣವಿಲ್ಲದ ದ್ರಾವಣವೂ ಅದರ ಬೆನ್ನಿಗೆ ಹೊಕ್ಕಿತು. ರೋಗ ಪತ್ತೆಗೆ ವೈರಸ್ ಬದುಕಿರಬೇಕೆಂಬ ಕಟ್ಟಳೆ ಅಲ್ಲಿಗೆ ಮುರಿಯಿತು.

ಮಂಗನ ಕಾಯಿಲೆಗೆ ಆ ಬಿಡುಗಡೆ ತಲುಪಲು ಮತ್ತೆ ಎರಡು ದಶಕ ಹಿಡಿಯಿತು. 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಎಂದು ಹೆಸರು ಬದಲಿಸಿಕೊಂಡಿದ್ದ ಪುಣೆಯ ಕೇಂದ್ರ, 2012ರಲ್ಲಿ ಈ ರೋಗಕ್ಕೆ ಪಿಸಿಆರ್ ಮತ್ತು ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ ಪರೀಕ್ಷೆಗಳನ್ನು ಪ್ರಕಟಿಸಿತು. ಅದೇ ವರ್ಷದ ಕೊನೆಗೆ ಅಲ್ಲಿ ಅತ್ಯುನ್ನತ ಸುರಕ್ಷತೆಯ ನಾಲ್ಕನೇ ಹಂತದ ಪ್ರಯೋಗಾಲಯವೂ ಬಾಗಿಲು ತೆರೆಯಿತು. ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಇಲಿಮರಿಗಳ ಕಾಲ ದಾಟಿ ಒಂದೆರಡು ದಿನದಲ್ಲಿ ಉತ್ತರ ಕೊಡುವ ಕಾಲ ಬಂತು. ಕಾಲ ಕೂಡಿಬಂದದ್ದೂ ನೋಡಿ: ಅದೇ 2012ರ ಕೊನೆಗೆ ಬಂಡೀಪುರದ ಮದ್ದೂರು ವಲಯದಲ್ಲಿ ಮಂಗಗಳು ಸತ್ತವು. ಜ್ವರ ಬಂದದ್ದು ಆ ಮಂಗಗಳನ್ನು ಮುಟ್ಟಿ, ಎತ್ತಿ, ಸುಟ್ಟವರಿಗೆ. ಮರುವರ್ಷ ವಯನಾಡಿನಿಂದ ಮೊದಲ ವರದಿ, 2015ರಲ್ಲಿ ಅಲ್ಲೇ ದೊಡ್ಡ ಅಲೆ. ಶಿವಮೊಗ್ಗದ ಕಾಯಿಲೆಯೆಂದು ನಾವು ದೂರದಿಂದ ಓದುತ್ತಿದ್ದದ್ದು ಬಂಡೀಪುರಕ್ಕೂ ವಯನಾಡಿಗೂ ಬಂದಿತ್ತು. ಆ ಎರಡಕ್ಕೂ ಒಂದೇ ಹಸಿರಾಗಿ ಬೆಸೆದಿರುವುದು ನಾಗರಹೊಳೆ. ತಿತಿಮತಿಯ ಅರಣ್ಯ ಸಿಬ್ಬಂದಿ, ಜೇನಿಗೂ ಸೌದೆಗೂ ಕಾಡು ಹೊಗುವ ಹಾಡಿಯ ಜನ, ಸತ್ತ ಮಂಗ ಕಂಡರೆ ಕೋಲಿನಿಂದಲೂ ಮುಟ್ಟಬೇಡಿ ಎಂಬ ಮಾತನ್ನು ಆಗಿನಿಂದ ಕೇಳುತ್ತಿದ್ದಾರೆ. ಡಿಸೆಂಬರಿನಿಂದ ಮೇವರೆಗಿನ ಕಾಯಿಲೆಯ ಹಂಗಾಮು ಕಾಫಿ ಕುಯ್ಲಿನ ಹಂಗಾಮಿನ ಮೇಲೆಯೇ ಬಂದು ಕೂರುತ್ತದೆ. ಆ ತಿಂಗಳುಗಳಲ್ಲಿ ಜ್ವರ ಬಂದ ಕೂಲಿಯಾಳು ಯಾವ ಜ್ವರವೆಂದು ತಿಳಿಯಲು ಕಾಯುವುದಿಲ್ಲ, ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾನೆ.

ಈ ನಡುವೆ ಕೊಂದೆವೆಂಬ ನಂಬಿಕೆ ಮತ್ತೆ ಎಡವಿದ ಪ್ರಸಂಗಗಳೂ ನಡೆದವು. ಅವು ನಡೆದದ್ದು ಹಣಕ್ಕೂ ಕಟ್ಟಡಕ್ಕೂ ಕೊರತೆಯಿಲ್ಲದ ದೇಶದಲ್ಲಿ ಎಂಬುದು ಗಮನಿಸಬೇಕಾದ ಸಂಗತಿ. 2014ರ ಜೂನ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಒಂದು ಪ್ರಯೋಗಾಲಯ ಸತ್ತಿದೆಯೆಂದು ಕಳಿಸಿದ ಆಂಥ್ರಾಕ್ಸ್ ಸತ್ತಿರಲಿಲ್ಲ. ಹತ್ತಾರು ಸಿಬ್ಬಂದಿ ಔಷಧ ನುಂಗಬೇಕಾಯಿತು. ಮರುವರ್ಷ ಹೊರಬಿದ್ದದ್ದು ಇನ್ನೂ ಅಚ್ಚರಿಯದು. ಯೂಟಾದ ಡಗ್ವೇ ಸೇನಾ ನೆಲೆ ಗಾಮಾ ಕಿರಣ ಹಾಯಿಸಿ ಕೊಂದೆನೆಂದು ಹತ್ತು ವರ್ಷಕ್ಕೂ ಮಿಕ್ಕಿ ಹಂಚಿದ ಮಾದರಿಗಳಲ್ಲಿ ಜೀವವಿತ್ತು. ಆಂಥ್ರಾಕ್ಸ್ ಬ್ಯಾಕ್ಟೀರಿಯಾ, ಅದರ ಬೀಜಕಣ ವೈರಸ್ಸಿಗಿಂತ ಬಹಳ ಗಟ್ಟಿ; ಆದರೂ ಪಾಠ ಒಂದೇ. ಎಬೋಲಾ ಉರಿಯುತ್ತಿದ್ದ ಅದೇ ದಿನಗಳಲ್ಲಿ ಇಂಗ್ಲೆಂಡಿನ ಪೋರ್ಟನ್‌ಡೌನ್‌ನ ವಿಜ್ಞಾನಿಗಳು ಜಗತ್ತೆಲ್ಲ ನಂಬಿದ್ದ ಗ್ವಾನಿಡಿನ್ ದ್ರಾವಣವನ್ನೇ (ಬಫರನ್ನೇ) ಪರೀಕ್ಷೆಗೆ ಒಡ್ಡಿದರು: ಬಫರ್ ಒಂದೇ ಎಲ್ಲ ಮಾದರಿಗಳಲ್ಲೂ ವೈರಸ್ಸನ್ನು ಪೂರ್ತಿಯಾಗಿ ಕೊಲ್ಲಲಿಲ್ಲ, ಹಿಂದೆಯೇ ಎಥನಾಲ್ ಸೇರಿಸಿದಾಗ ಕೊಂದಿತು. ಪ್ರತಿ ವೈರಸ್ಸಿಗೂ, ಪ್ರತಿ ಬಗೆಯ ಮಾದರಿಗೂ, ಎಷ್ಟು ಪ್ರಮಾಣ, ಎಷ್ಟು ಹೊತ್ತು ಎಂಬುದನ್ನು ಬೇರೆಬೇರೆಯಾಗಿ ಸಾಬೀತು ಮಾಡಬೇಕು. ಕೊಂದದ್ದನ್ನು ಜೀವಕೋಶಗಳ ಮೇಲೆ ಮತ್ತೆಮತ್ತೆ ಬಿತ್ತಿ ಏನೂ ಮೊಳೆಯದೆಂದು ನೋಡಬೇಕು. ಕಿಟ್ಟಿನ ಮೇಲಿನ ಚೀಟಿ ಓದಿ ನಿಶ್ಚಿಂತರಾಗುವ ನಮ್ಮ ಅಭ್ಯಾಸಕ್ಕೆ ಇದು ಒಗ್ಗುವ ಮಾತಲ್ಲ.

2018ರ ಮೇ ತಿಂಗಳು ಕೊಡಗಿನ ಗಡಿಯಲ್ಲಿ ಯಾರಿಗೂ ಮರೆತಿಲ್ಲ. ಕೋಳಿಕ್ಕೋಡಿನ ಪೆರಾಂಬ್ರದಲ್ಲಿ ಒಂದೇ ಮನೆಯವರು ಒಬ್ಬರ ಹಿಂದೊಬ್ಬರು ಬಿದ್ದಾಗ, ಮಾದರಿಗಳು ಬಂದದ್ದು ಕರ್ನಾಟಕದ ಮಣಿಪಾಲಕ್ಕೆ. ಜಿ. ಅರುಣ್‌ಕುಮಾರ್ ಅವರ ನೇತೃತ್ವದ ಅಲ್ಲಿನ ವೈರಸ್ ಸಂಶೋಧನಾ ಕೇಂದ್ರ ಅದನ್ನು ನಿಫಾ ಎಂದು ಗುರುತಿಸಿತು, ಒಂದೆರಡು ದಿನದಲ್ಲಿ ಪುಣೆ ಖಚಿತಪಡಿಸಿತು. ಸರ್ಕಾರದ ಲೆಕ್ಕದಲ್ಲಿ 17 ಮಂದಿ ತೀರಿಕೊಂಡರು. ರೋಗ ಇನ್ನೂ ಹರಡದಿದ್ದದ್ದಕ್ಕೆ ಆ ವೇಗದ ಪತ್ತೆ ಮುಖ್ಯ ಕಾರಣವೆಂದು ಎಲ್ಲರೂ ಒಪ್ಪುತ್ತಾರೆ. ನಾಲ್ಕನೇ ಹಂತದ ವೈರಸ್ಸನ್ನು ಮಣಿಪಾಲದಂಥ ಪ್ರಯೋಗಾಲಯ ಎಷ್ಟರಮಟ್ಟಿಗೆ ಮುಟ್ಟಬಹುದು ಎಂಬ ಪ್ರಶ್ನೆಯೂ ಆಮೇಲೆ ದೆಹಲಿಯಲ್ಲಿ ಎದ್ದಿತು. ಎರಡೂ ನ್ಯಾಯವಾದ ಮಾತುಗಳೇ. ಕೊಂದ ಮಾದರಿಯ ಆರ್‌ಎನ್‌ಎ ಓದುವುದಕ್ಕೆ ಪುಣೆಯ ಕೋಟೆ ಬೇಡ. ಅದೇ ವೈರಸ್ಸನ್ನು ಬೆಳೆಸುವುದಕ್ಕೆ ಬೇಕೇ ಬೇಕು. ಈ ಗೆರೆ ಎಲ್ಲಿ ಎಂದು ಮೊದಲೇ ಸ್ಪಷ್ಟವಾಗಿ ಬರೆದಿಟ್ಟಿದ್ದರೆ ತರುವಾಯದ ಗೊಂದಲ ಬಹಳಷ್ಟು ತಪ್ಪುತ್ತಿತ್ತು. 2021ರಲ್ಲಿ, ಮತ್ತೆ 2023ರಲ್ಲಿ ನಿಫಾ ಕೋಳಿಕ್ಕೋಡಿಗೆ ಮರಳಿದಾಗ ಪುಣೆಯವರೇ ಅಲ್ಲಿಗೆ ಬಂದರು. ಎರಡನೆಯ ಸಲ ಗಾಲಿಗಳ ಮೇಲಿನ ಮೂರನೇ ಹಂತದ ಪ್ರಯೋಗಾಲಯವನ್ನೇ ಓಡಿಸಿಕೊಂಡು ಬಂದರು. ಅಷ್ಟು ಹೊತ್ತಿಗೆ ಕುಟ್ಟದ, ಮಾಕುಟ್ಟದ ತಪಾಸಣಾ ಠಾಣೆಗಳಲ್ಲಿ ಜ್ವರ ಅಳೆಯುವ ಯಂತ್ರದ ಮುಂದೆ ನಿಲ್ಲುವುದು ನಮಗೆ ಮಾಮೂಲಾಗಿತ್ತು.

ಮಾಮೂಲು ಮಾಡಿದ್ದು 2020. ಕೊಡಗಿನ ಮೊದಲ ಕೊರೊನಾ ಸೋಂಕು ಪ್ರಕಟವಾದದ್ದು ಮಾರ್ಚ್ 19ರಂದು. ಅಂದು ಜಿಲ್ಲೆಯಲ್ಲಿ ಅದನ್ನು ಪತ್ತೆ ಮಾಡಬಲ್ಲ ಒಂದು ಪ್ರಯೋಗಾಲಯವೂ ಇರಲಿಲ್ಲ. ತಿತಿಮತಿಯ ಗಂಟಲುದ್ರವ ಬಂದ ಬಸ್ಸಿನ ದಾರಿಯಲ್ಲೇ ಹಿಂದಕ್ಕೆ, ಆನೆಚೌಕೂರು, ಹುಣಸೂರು ಹಾದು ಮೈಸೂರಿನ ಕಡೆಗೆ ಹೊರಡಬೇಕಿತ್ತು. ಆ ವರ್ಷವೇ ಮಡಿಕೇರಿಯ ವೈದ್ಯಕೀಯ ಕಾಲೇಜಿನಲ್ಲಿ ಪರೀಕ್ಷೆ ಆರಂಭವಾದದ್ದು, 2016ರಲ್ಲಷ್ಟೇ ಮೊದಲ ವಿದ್ಯಾರ್ಥಿಗಳನ್ನು ತೆಗೆದುಕೊಂಡಿದ್ದ ಆ ಸಂಸ್ಥೆಯ ಮಟ್ಟಿಗೆ ಸಣ್ಣ ಸಾಧನೆಯಲ್ಲ. ಅದು ಸಾಧ್ಯವಾದದ್ದರ ಗುಟ್ಟು ಇಷ್ಟೇ: ವೈರಸ್ಸನ್ನು ಬೆಳೆಸುವ ಕೆಲಸಕ್ಕೆ ಮೂರನೇ ಹಂತದ ಸುರಕ್ಷತೆ ಬೇಕು, ಕೊಂದು ಓದುವ ಕೆಲಸಕ್ಕೆ ಎರಡನೇ ಹಂತ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಆರಂಭದಲ್ಲೇ ಹೇಳಿತ್ತು. ಆ ಒಂದು ನಿಯಮ ಇಲ್ಲದಿದ್ದರೆ ದೇಶದ ಪರೀಕ್ಷೆಗಳೆಲ್ಲ ಬೆರಳೆಣಿಕೆಯ ಊರುಗಳಲ್ಲಿ ರಾಶಿ ಬೀಳುತ್ತಿದ್ದವು. ಅಪಾಯವೆಲ್ಲ ಉಳಿದದ್ದು ಮೊದಲ ಕೆಲವು ನಿಮಿಷಗಳಲ್ಲಿ: ಸೋಂಕು ಹೊರಬರದಂತೆ ಕಾಯುವ ಗಾಳಿಗೂಡಿನೊಳಗೆ ಕೈಯಿಟ್ಟು, ಜೀವಂತ ವೈರಸ್ ತೇಲುವ ಶೀಶೆಯ ಮುಚ್ಚಳ ತಿರುಗಿಸಿ, ಒಂದು ಪಾಲನ್ನು ಕೊಲ್ಲುವ ದ್ರಾವಣಕ್ಕೆ ಬಿಡುವ ನಿಮಿಷಗಳು. ಪಿಪಿಇ ಉಡುಪಿನಲ್ಲಿ ಬೆವೆಯುತ್ತ ದಿನಕ್ಕೆ ನೂರಾರು ಮುಚ್ಚಳ ತಿರುಗಿಸಿದ ಹುಡುಗ ಹುಡುಗಿಯರಿಗೆ ನಾವು ತಟ್ಟೆ ಬಡಿದೆವು. ಅವರಲ್ಲಿ ಎಷ್ಟೋ ಮಂದಿ ಹೊರಗುತ್ತಿಗೆಯವರೆಂಬುದನ್ನು ಅಲೆ ಇಳಿದ ಮೇಲೆ ಮರೆತೆವು.

ಆ ನಿಮಿಷಗಳನ್ನು ಹಗುರ ಮಾಡಲು ಎಲ್ಲ ಕಡೆ ಹುಡುಕಾಟ ನಡೆಯಿತು. ಮೊದಲು ಕೈಗೆ ಸಿಕ್ಕಿದ್ದು ಬಿಸಿ. ಮಾದರಿಯನ್ನು ತೆರೆಯುವ ಮುನ್ನವೇ 56 ಡಿಗ್ರಿಗೆ ಕಾಯಿಸಿಬಿಟ್ಟರೆ ಸಾಕೆಂದು ಹಲವರು ನಂಬಿದರು. ಫ್ರಾನ್ಸಿನ ಮಾರ್ಸೇಯ್‌ನ ತಂಡ ಅಳೆದು ನೋಡಿ ಹೇಳಿದ್ದು ಬೇರೆ: 56 ಡಿಗ್ರಿಯಲ್ಲಿ ಅರ್ಧ ಗಂಟೆ, 60ರಲ್ಲಿ ಒಂದು ಗಂಟೆ ಇಟ್ಟರೆ ವೈರಸ್ ಲಕ್ಷದಲ್ಲೊಂದು ಪಾಲಿಗೆ ಇಳಿಯುತ್ತದೆ, ಆದರೆ ತುಂಬಾ ವೈರಸ್ ಇದ್ದ ಮಾದರಿಯಲ್ಲಿ ಒಂದಿಷ್ಟು ಉಳಿಯುತ್ತದೆ, 92 ಡಿಗ್ರಿಯ ಕಾಲು ಗಂಟೆ ಪೂರ್ತಿ ಕೊಲ್ಲುತ್ತದೆ, ಓದಬೇಕಾದ ಆರ್‌ಎನ್‌ಎಗೂ ಪೆಟ್ಟು ಕೊಡುತ್ತದೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು: ದ್ರಾವಣವೇ ಇಲ್ಲದ ಒಣ ಕಡ್ಡಿಯಲ್ಲಿ ಮಾದರಿ ತಂದು, ಕಿಣ್ವ ಬೆರೆಸಿ, ಕುದಿಮಟ್ಟದ ಬಿಸಿ ಕೊಟ್ಟು, ಆರ್‌ಎನ್‌ಎ ಸೋಸಿ ತೆಗೆಯುವ ಹಂತವನ್ನೇ ಬಿಟ್ಟು ನೇರ ಪಿಸಿಆರ್. ಐಸಿಎಂಆರ್ ಆ ವರ್ಷದ ನವೆಂಬರಿನಲ್ಲಿ ಒಪ್ಪಿತು. ರೂಢಿಗೆ ಬಂದದ್ದು ಮಾತ್ರ ಅಷ್ಟಕ್ಕಷ್ಟೆ. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಬೆಂಗಳೂರಿನದು. ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿ, ಮೋಲ್‌ಬಯೊ ಕಂಪನಿ ಮಾರುತ್ತಿದ್ದ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರ ಮೊದಲು ಬಂದದ್ದು ಕ್ಷಯರೋಗ ಪತ್ತೆಗೆ. ಕೊರೊನಾಕ್ಕೆ ಅದನ್ನು ಒಪ್ಪುವಾಗ ಐಸಿಎಂಆರ್ ಕೊಟ್ಟ ಕಾರಣವನ್ನು ಓದಿದವರು ಎಷ್ಟು ಜನವೋ: ಕಡ್ಡಿಯನ್ನು ಅದ್ದುವ ದ್ರಾವಣವೇ ವೈರಸ್ಸನ್ನು ಕೊಲ್ಲುವುದರಿಂದ ಈ ಪರೀಕ್ಷೆಗೆ ಬೇಕಾದ ಜೈವಿಕ ಸುರಕ್ಷತೆ ಅತ್ಯಲ್ಪ. ಅಂದರೆ ವೈರಸ್ ಸಾಯುವ ಜಾಗ ಪ್ರಯೋಗಾಲಯದ ಗಾಳಿಗೂಡಿನಿಂದ ರೋಗಿಯ ಪಕ್ಕಕ್ಕೆ ಸರಿಯಿತು. ಐಸ್ ಪೆಟ್ಟಿಗೆಯಲ್ಲಿ ಪಯಣಿಸುವುದು ಸೋಂಕಲ್ಲ, ಸೋಂಕಿನ ಗುರುತಷ್ಟೇ. ಜೀಪು ಮಗುಚಿದರೂ, ಶೀಶೆ ಒಡೆದರೂ ಭಯ ಬಹಳ ಕಡಿಮೆ.

ಎಲ್ಲವೂ ಲಾಭವೇ ಆಗಲಿಲ್ಲ. ಈ ದ್ರಾವಣಗಳ ಜೊತೆ ಬಂದ ಒಂದು ಎಚ್ಚರಿಕೆಯನ್ನು ಹಳ್ಳಿಯ ಆಸ್ಪತ್ರೆಗಳಿಗೆ ತಲುಪಿಸಿದ ರೀತಿ ತೃಪ್ತಿ ತರುವಂಥದ್ದಲ್ಲ: ಗ್ವಾನಿಡಿನ್ ಥಯೋಸಯನೇಟ್ ಇರುವ ಕಸದ ಮೇಲೆ ಬ್ಲೀಚಿಂಗ್ ದ್ರಾವಣ ಸುರಿದರೆ ವಿಷಾನಿಲ ಏಳುತ್ತದೆ. ಏನೇ ಚೆಲ್ಲಿದರೂ ಬ್ಲೀಚಿಂಗ್ ಎಂಬ ಪಾಠವನ್ನು ಬಾಯಿಪಾಠ ಮಾಡಿಸಿದ ನಾಡಿನಲ್ಲಿ ಇದನ್ನು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಬೇಕಿತ್ತು. ಇನ್ನೊಂದು ನಷ್ಟ ನಿಧಾನದ್ದು. ಎಲ್ಲ ಮಾದರಿಗಳನ್ನೂ ಹಾಸಿಗೆಯ ಪಕ್ಕದಲ್ಲೇ ಕೊಂದುಬಿಟ್ಟರೆ, ಬೆಳೆಸಿ ನೋಡಲು ಜೀವಂತ ವೈರಸ್ ಎಲ್ಲಿಂದ ಬರಬೇಕು? 2020ರ ಮಾರ್ಚಿನಲ್ಲಿ ಪುಣೆ ಕೊರೊನಾ ವೈರಸ್ಸನ್ನು ಜೀವಂತ ಬೇರ್ಪಡಿಸಿಟ್ಟಿದ್ದರಿಂದಲೇ ಕೊವ್ಯಾಕ್ಸಿನ್ ಲಸಿಕೆ ಬಂತು. ಅದನ್ನು ಕೊಂದದ್ದೂ, ಹಳೆಯ ಪ್ರಯೋಗಾಲಯಗಳ ನೆನಪಾಗುವಂತೆ, ಬೀಟಾ ಪ್ರೊಪಿಯೊಲ್ಯಾಕ್ಟೋನೇ. ಮಂಗನ ಕಾಯಿಲೆಯ ಹಳೆಯ ಲಸಿಕೆ ನಿಂತು, ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಹೊಸದಕ್ಕೆ ಕೈಹಾಕಿರುವ ಈ ಹೊತ್ತಿನಲ್ಲಿ, ಇಂದು ಕಾಡಿನಲ್ಲಿ ಓಡಾಡುತ್ತಿರುವ ವೈರಸ್ 1957ರದಕ್ಕಿಂತ ಎಷ್ಟು ಬದಲಾಗಿದೆ ಎಂಬ ಪ್ರಶ್ನೆ ಮುಖ್ಯ. ಸತ್ತ ಮಾದರಿಯಿಂದ ಅದರ ಜೀನೋಮ್ ಓದಬಹುದು. ಲಸಿಕೆ ಅದನ್ನು ತಡೆಯುತ್ತದೆಯೇ ಎಂದು ತಿಳಿಯಲು ಬದುಕಿರುವ ವೈರಸ್ಸೇ ಬೇಕು. ಪ್ರತಿ ಹಂಗಾಮಿನ ಕೆಲವಾದರೂ ಮಾದರಿಗಳು, ಮೂರು ಪದರದ ಪೆಟ್ಟಿಗೆಯಲ್ಲಿ, ಕಟ್ಟುನಿಟ್ಟಿನ ಕಾವಲಿನಲ್ಲಿ, ಜೀವಂತವಾಗಿಯೇ ಪುಣೆ ಸೇರಬೇಕು. ಅಂತಾರಾಷ್ಟ್ರೀಯ ಸಾಗಣೆ ನಿಯಮಗಳು ಕ್ಯಾಸನೂರು ವೈರಸ್ಸನ್ನು ಅತಿ ಅಪಾಯದ ‘ಎ’ ವರ್ಗದಲ್ಲಿ ಇಟ್ಟಿರುವುದು ಸುಮ್ಮನೆ ಅಲ್ಲ. ಇಲಿಮರಿಗಳ ಕಾಲದ ಪರಿಣತಿ ಉಳ್ಳವರು ಒಬ್ಬೊಬ್ಬರಾಗಿ ನಿವೃತ್ತರಾಗಿದ್ದಾರೆ. ವೈರಸ್ ಬೆಳೆಸಬಲ್ಲ ಕೈಗಳನ್ನು ಹೊಸದಾಗಿ ತಯಾರು ಮಾಡುವ ಯೋಚನೆ ಮಾತ್ರ ಕಾಣುವುದಿಲ್ಲ.

ಸರ್ಕಾರ ಕೊಟ್ಟ ಮಾತುಗಳ ಲೆಕ್ಕ ಬೇರೆ. 2018-19ರ ಹಂಗಾಮಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಮಂಗನ ಕಾಯಿಲೆಗೆ ತನ್ನ ಜನರನ್ನು ಕಳೆದುಕೊಂಡಾಗ, ಮಲೆನಾಡಿನಲ್ಲೇ ಉನ್ನತ ಸುರಕ್ಷತೆಯ ಪ್ರಯೋಗಾಲಯ ಎಂಬ ಘೋಷಣೆ ಕೇಳಿದೆವು. ಅದು ಸಾಗರದಲ್ಲಿರಬೇಕೋ ಶಿವಮೊಗ್ಗದಲ್ಲೋ ಎಂಬ ಜಗ್ಗಾಟವನ್ನೂ ಕೇಳಿದೆವು. ಕಟ್ಟಡಕ್ಕೆ ಶಂಕುಸ್ಥಾಪನೆಯ ಕಲ್ಲು ಇರುತ್ತದೆ, ಕಲ್ಲಿನ ಮೇಲೆ ಹೆಸರು ಇರುತ್ತದೆ. ಶೀಶೆಯೊಳಗಿನ ಒಂದು ಚಮಚ ದ್ರಾವಣಕ್ಕೆ ಅವೆರಡೂ ಇಲ್ಲ. ಈ ಏಳು ದಶಕಗಳಲ್ಲಿ ಪ್ರಯೋಗಾಲಯವನ್ನು ಕಾಡಂಚಿನ ಕಡೆಗೆ ಎಳೆದು ತಂದದ್ದರಲ್ಲಿ ಆ ಚಮಚದ ಪಾಲು ಕಟ್ಟಡದ ಪಾಲಿಗಿಂತ ದೊಡ್ಡದು ಎಂಬುದು ನಮ್ಮ ಎಣಿಕೆ. ಮಂಗನ ಕಾಯಿಲೆಗೂ ಟ್ರೂನ್ಯಾಟ್ ಯಂತ್ರದಲ್ಲಿ ಬಳಸುವ ಪರೀಕ್ಷಾ ಚಿಪ್ ಸಿದ್ಧವಾಗಿದೆ, ಪುಣೆಯ ಸಂಸ್ಥೆ ಅದನ್ನು ಪರೀಕ್ಷಿಸಿ ಒಪ್ಪಿದೆ. ಯಂತ್ರ ಹೊಸದಾಗಿ ಕೊಳ್ಳಬೇಕಾದದ್ದೂ ಇಲ್ಲ, ಕ್ಷಯದ ಪರೀಕ್ಷೆಗೆಂದು ಅದು ತಾಲ್ಲೂಕು ಮಟ್ಟಕ್ಕೂ ಇಳಿದಿದೆ. ಬೇಕಾದದ್ದು ಡಿಸೆಂಬರಿಗೆ ಮೊದಲೇ ಕೈಸೇರುವ ಚಿಪ್‌ಗಳು, ತಿತಿಮತಿಯಂಥ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವಧಿ ಮೀರದ ಕೊಲ್ಲುವ ದ್ರಾವಣ, ಅದನ್ನು ಎಷ್ಟು ಬೆರೆಸಬೇಕು, ಎಷ್ಟು ನಿಮಿಷ ಬಿಡಬೇಕೆಂದು ಕನ್ನಡದಲ್ಲಿ ಬರೆದ ಒಂದು ಹಾಳೆ, ಅದನ್ನು ಓದಿ ಮಾಡಬಲ್ಲ ಕಾಯಂ ನೌಕರಿಯ ಒಬ್ಬ ತಂತ್ರಜ್ಞ. ಕೊನೆಯದರ ಖರ್ಚೇ ಎಲ್ಲಕ್ಕಿಂತ ಹೆಚ್ಚು. ಅದೇ ಕಾರಣಕ್ಕೆ ಆರೋಗ್ಯ ಇಲಾಖೆ ಆ ಹುದ್ದೆಯ ಕಡತವನ್ನು ಮೊದಲು ತೆರೆಯಬೇಕು.